ತುಟಿ ಅಲುಗಿದ್ದಕ್ಕೆ

ಡಬ್ಲಿನ್ ಹತ್ತಿರದ ಡ್ರೋಹೆಡಾದ ಆ ಮನೆ ಬಿಟ್ಟು ದೂರದ ವಾಟರ್‌ಫರ್ಡ್‌ಗೆ ಹೊರಟಾಗ ಕಾರಿನಲ್ಲಿ ಇದ್ದದ್ದು ನಾವು ಮೂವರೇ: ಅಮ್ಮ, ನಾನು, ತಮ್ಮ ಆದಿ. ಅಪ್ಪ, ಅಜ್ಜಿ ಬಾಗಿಲಲ್ಲಿ ನಿಂತಿದ್ದರು. ಯಾರಾದರೂ ಕೇಳಿದರೆ ಅಲ್ಲಿನ ಆಸ್ಪತ್ರೆಯಲ್ಲಿ ಒಳ್ಳೆಯ ಹುದ್ದೆ ಸಿಕ್ಕಿತು ಎಂದು ಅಮ್ಮ ಹೇಳುತ್ತಿದ್ದಳು. ಅದೇನೂ ಸುಳ್ಳಲ್ಲ. ಅಪ್ಪ ಮಾತ್ರ ನಮ್ಮ ಸಂಸಾರ ಒಡೆದದ್ದು ಪಕ್ಕದ ಮನೆಯ ಯಹೂದಿ ಮುದುಕಿಯಿಂದ ಎಂದು ಇವತ್ತಿಗೂ ಹೇಳುತ್ತಾರೆ. ಫೋನಿನಲ್ಲಿ ಬೇರೆ ಏನೋ ಮಾತಾಡುತ್ತಿದ್ದವರು ತಟ್ಟನೆ ಅಲ್ಲಿಗೆ ಬಂದುಬಿಡುತ್ತಾರೆ. ನಾನು ಎದುರಾಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಆಗ ಅಮ್ಮನಿಗೆ ಆಗಿದ್ದ ವಯಸ್ಸಿಗೆ ನಾನೀಗ ಹತ್ತಿರ ಬಂದಿದ್ದೇನೆ. ಆ ಮನೆಯಲ್ಲಿ ಏನು ನಡೆಯಿತು ಎಂಬುದನ್ನು ನಾನು ಕಂಡಷ್ಟು, ಕೇಳಿಸಿಕೊಂಡಷ್ಟು ಬರೆಯುತ್ತೇನೆ.

ಅದು ಜೋಡಿ ಮನೆ, ಒಂದೇ ಗೋಡೆಯ ಆಚೀಚೆ ಎರಡು ಸಂಸಾರ. ನಮ್ಮ ಕುಕ್ಕರ್ ಕೂಗಿದ್ದು ಆಚೆ ಎಸ್ತರ್ ಆಂಟಿಗೆ ಕೇಳಿಸುತ್ತಿತ್ತು. ಅವರ ರೇಡಿಯೋದ ವಾರ್ತೆ ಗೋಡೆ ದಾಟಿ ಗೊಣಗುತ್ತಾ ನಮ್ಮ ಊಟದ ಮೇಜಿಗೆ ಬರುತ್ತಿತ್ತು. ಮುಂದಿನ ಕೋಣೆ ಅಪ್ಪನದು. ಸ್ವೋರ್ಡ್ಸ್‌ನ ಆಫೀಸಿನಿಂದ ಬಸ್ಸಿನಲ್ಲಿ ಬಂದವರು ಶೂ ಬಿಚ್ಚಿ, ಸೋಫಾದಲ್ಲಿ ಕೂತು, ಟಿ.ವಿ. ಹಾಕಿ, ಲೋಕದ ಅನ್ಯಾಯಗಳನ್ನೆಲ್ಲ ಒಂದೊಂದಾಗಿ ವಿಚಾರಿಸಿಕೊಳ್ಳುತ್ತಿದ್ದರು. ಹಿಂದಿನ ಅಡುಗೆಮನೆ ಬೆಳಿಗ್ಗೆ ಅಜ್ಜಿಯದು, ಅಜ್ಜಿಯ ಅಡುಗೆ ಮುಗಿದ ಮೇಲೆ ಅಮ್ಮನದು. ಇವೆರಡರ ನಡುವೆ ಮಹಡಿ ಮೆಟ್ಟಿಲು, ಮೆಟ್ಟಿಲ ಕೆಳಗೊಂದು ಗೂಡು. ಹಿಂದೆ ಇದ್ದವರು ಅದರಲ್ಲಿ ವ್ಯಾಕ್ಯೂಮ್ ಕ್ಲೀನರನ್ನೂ ಮಳೆಗಾಲದ ಬೂಟುಗಳನ್ನೂ ಇಡುತ್ತಿದ್ದರಂತೆ. ತಾತ ತೀರಿಕೊಂಡ ಮೇಲೆ ಮೈಸೂರಿನಿಂದ ಬಂದ ಅಜ್ಜಿ ಮೊದಲು ಮಾಡಿದ ಕೆಲಸವೆಂದರೆ ಅದನ್ನು ಖಾಲಿ ಮಾಡಿಸಿ, ಅರಿಶಿನದ ನೀರಿನಲ್ಲಿ ತೊಳೆದು, ಸಾಲಿಗ್ರಾಮದ ಡಬ್ಬಿ ಇಟ್ಟದ್ದು. ಕರ್ಪೂರದ ಹೊಗೆಗೆ ಸೂರಿನ ಬೆಂಕಿ ಅಲಾರಂ ಕಿರುಚಿಕೊಳ್ಳುತ್ತದೆಂದು ಅಪ್ಪ ಅದರ ಬ್ಯಾಟರಿಯನ್ನೇ ತೆಗೆದಿಟ್ಟರು. ಅಂದಿನಿಂದ ಅದು ದೇವರಮನೆ.

ಆ ದೇವರಮನೆಗೆ ಅಮ್ಮ ಹೋಗುತ್ತಿರಲಿಲ್ಲ. ಹೂ ಕೊಯ್ದು ತಂದರೂ ಹೊರಗಿನ ಸ್ಟೂಲಿನ ಮೇಲಿಟ್ಟು ಸರಿಯುತ್ತಿದ್ದಳು, ಅಜ್ಜಿ ನೀರು ಚಿಮುಕಿಸಿ ತೆಗೆದುಕೊಳ್ಳುತ್ತಿದ್ದರು. ಬೆಳಗಿನ ಪೂಜೆಯ ಹೊತ್ತಿಗೆ ಅಮ್ಮ ನೈಟ್ ಡ್ಯೂಟಿ ಮುಗಿಸಿ ಬಂದರೆ, ಆ ಇಕ್ಕಟ್ಟಿನ ನಡುಮನೆಯಲ್ಲಿ ಕೋಟನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ಎದುರು ಗೋಡೆಗೆ ಬೆನ್ನು ತಾಗಿಸಿಕೊಂಡು, ಪಕ್ಕಪಕ್ಕಕ್ಕೆ ಸರಿಯುತ್ತಾ ಮೆಟ್ಟಿಲು ಹತ್ತುತ್ತಿದ್ದಳು. ಆ ನಡಿಗೆಯನ್ನು ನೋಡಿ ಆದಿ ಏಡಿಯಂತೆ ನಡೆದು ತೋರಿಸುತ್ತಿದ್ದ. ಅಮ್ಮನೂ ನಗುತ್ತಿದ್ದಳು. ಯಾಕೆ ಹೀಗೆ ಎಂದು ನಾನು ಕೇಳಿದಾಗ ಅಜ್ಜಿ ಬಹಳ ಮೃದುವಾಗಿ, ಅಕ್ಕಿ ಆರಿಸುತ್ತಲೇ ವಿವರಿಸಿದ್ದರು:

“ನಿಮ್ಮಮ್ಮ ಹೆರಿಗೆ ವಾರ್ಡಲ್ಲಿ ಕೆಲ್ಸ ಮಾಡೋಳಲ್ವೇನೇ ಪುಟ್ಟಿ. ರಕ್ತ, ಪುರುಡು, ಎಲ್ಲಾ ಮುಟ್ಟಿ ಬಂದಿರ್ತಾಳೆ. ಪುಣ್ಯದ ಕೆಲ್ಸವೇ, ಇಲ್ಲ ಅನ್ನಲ್ಲ. ಆದ್ರೆ ಮೈಲಿಗೆ ಮೈಲಿಗೇನೇ ಅಲ್ವೇ?”

ನನಗೆ ಸರಿ ಎನ್ನಿಸಿತು. ಶಾಲೆಯಲ್ಲಿ ಕೆಮಿಸ್ಟ್ರಿ ಲ್ಯಾಬಿಗೆ ಸ್ಯಾಂಡ್‌ವಿಚ್ ತರಬಾರದು ಎನ್ನುವ ಹಾಗೆ ಇದೂ ಒಂದು ನಿಯಮ ಎಂದುಕೊಂಡೆ. ರಜೆಯ ದಿನ ಅಮ್ಮ ತಲೆಗೆ ಸ್ನಾನ ಮಾಡಿ ಹೊಸ ಸೀರೆ ಉಟ್ಟಾಗಲೂ ಆ ನಿಯಮ ಯಾಕೆ ಸಡಿಲವಾಗುವುದಿಲ್ಲ ಎಂದು ನಾನು ಯೋಚಿಸಲಿಲ್ಲ. ಅಪ್ಪನಿಗೆ ಒಂದು ಅಚ್ಚುಮೆಚ್ಚಿನ ಕಥೆಯಿತ್ತು: ಮೈಸೂರಿನಲ್ಲಿ ಮನೆಯವರನ್ನೆಲ್ಲ ಎದುರು ಹಾಕಿಕೊಂಡು, ಜಾತಿ ನೋಡದೆ, ನರ್ಸಿಂಗ್ ಓದುತ್ತಿದ್ದ ಅಮ್ಮನನ್ನು ರಿಜಿಸ್ಟರ್ ಮದುವೆಯಾದದ್ದು. ಯಾರ ಮನೆಯ ಊಟಕ್ಕೆ ಹೋದರೂ ಅದು ಹೊರಬರುತ್ತಿತ್ತು. ಕೇಳಿದವರು ಅಪ್ಪನನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು, ಅಮ್ಮ ತಟ್ಟೆ ನೋಡುತ್ತಿದ್ದಳು. ಯಾವ ಜಾತಿ ಎಂಬುದು ಮಾತ್ರ ಆ ಕಥೆಯಲ್ಲಿ ಎಂದೂ ಬರಲಿಲ್ಲ.

ಎಸ್ತರ್ ಆಂಟಿ ಆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಸೂಲಗಿತ್ತಿಯಾಗಿ ಇಡೀ ಆಯುಷ್ಯ ದುಡಿದು ನಿವೃತ್ತರಾದವರು. ಡಬ್ಲಿನ್‌ನಲ್ಲಿ ಹುಟ್ಟಿದವರು, ಮದುವೆಯಾಗಿ ಇಲ್ಲಿಗೆ ಬಂದವರು, ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಮ್ಮ ಬೀದಿಯಲ್ಲಷ್ಟೇ ಅಲ್ಲ, ನಮಗೆ ಗೊತ್ತಿದ್ದ ಇಡೀ ಊರಿನಲ್ಲಿ ಯಹೂದಿ ಎಂದರೆ ಅವರೊಬ್ಬರೇ. ಅವರ ಮುಂಬಾಗಿಲ ಬಲಗಡೆಯ ಚೌಕಟ್ಟಿಗೆ ಬೆರಳುದ್ದದ ಒಂದು ತವರದ ಕೊಳವೆಯನ್ನು ಓರೆಯಾಗಿ ಹೊಡೆದಿದ್ದರು. ಒಳಗೆ ಪ್ರಾರ್ಥನೆ ಬರೆದ ಚರ್ಮದ ಸುರುಳಿ ಇರುತ್ತದಂತೆ. ಒಳಹೋಗುವಾಗ ಅವರು ಅದನ್ನು ಮುಟ್ಟಿ ಬೆರಳನ್ನು ತುಟಿಗೆ ತಾಗಿಸಿಕೊಳ್ಳುತ್ತಿದ್ದರು. ಅದನ್ನು ಕಿಟಕಿಯಿಂದ ನೋಡಿದ ಅಜ್ಜಿಗೆ ಹೊಸ್ತಿಲಿಗೆ ನಮಸ್ಕರಿಸುವ ಹೆಂಗಸು ಈ ದೇಶದಲ್ಲೂ ಒಬ್ಬಳಿದ್ದಾಳೆ ಎಂದು ಹಿಗ್ಗಾಯಿತು. ಮಾರನೆಯ ದಿನವೇ ನನ್ನನ್ನು ದುಭಾಷಿಯಾಗಿ ಎಳೆದುಕೊಂಡು ಒಂದು ಬಟ್ಟಲು ಹೆಸರುಬೇಳೆ ಪಾಯಸದೊಂದಿಗೆ ಆಚೆ ಮನೆಗೆ ಹೋದರು.

ಎಸ್ತರ್ ಆಂಟಿ ಪಾಯಸದಲ್ಲಿ ಏನೇನಿದೆ, ಯಾವ ಪಾತ್ರೆಯಲ್ಲಿ ಮಾಡಿದ್ದು, ಆ ಪಾತ್ರೆಯಲ್ಲಿ ಎಂದಾದರೂ ಮಾಂಸ ಬೆಂದಿದೆಯೇ ಎಂದು ಸಂಕೋಚದಿಂದ ವಿಚಾರಿಸಿದರು. ಬೇರೆ ಯಾರಾದರೂ ಆಗಿದ್ದರೆ ಸಿಟ್ಟಾಗುತ್ತಿದ್ದರು. ಅಜ್ಜಿಗೆ ಆದದ್ದು ಪರಮಾನಂದ. ಆಂಟಿ ತಮ್ಮ ಅಡುಗೆಮನೆಯ ಬೀರು ತೆರೆದು, ಹಾಲಿನ ಪದಾರ್ಥಕ್ಕೆ ಒಂದು ಸಾಲು ಪಾತ್ರೆ, ಮಾಂಸದ್ದಕ್ಕೆ ಇನ್ನೊಂದು ಸಾಲು, ಒಂದಕ್ಕೊಂದು ತಾಗುವಂತಿಲ್ಲ ಎಂದು ತೋರಿಸಿದರು. ಎರಡನೆಯ ಸಾಲು ಧೂಳು ಹಿಡಿದಿತ್ತು. ಅವರ ಶಾಸ್ತ್ರಕ್ಕೆ ಸರಿಯಾದ ಮಾಂಸ ಈ ಊರಿನಲ್ಲಿ ಸಿಗುವುದಿಲ್ಲವೆಂದು ತಿನ್ನುವುದನ್ನೇ ಬಿಟ್ಟಿದ್ದರು. ಅಜ್ಜಿ ಮನೆಗೆ ಬಂದು ಅಪ್ಪನಿಗೆ ವರದಿ ಒಪ್ಪಿಸಿದರು: ಇವರಲ್ಲೂ ಮುಸುರೆ ಇದೆ ಕಣೋ, ಅನ್ನ ಮುಟ್ಟಿದ ಕೈಯಲ್ಲಿ ಮೊಸರು ಮುಟ್ಟದ ಹಾಗೆ. ಅಂದಿನಿಂದ ಶುಕ್ರವಾರ ಬೆಳಿಗ್ಗೆ ಎಸ್ತರ್ ಆಂಟಿ ನಮ್ಮಲ್ಲಿಗೆ ಬರುವುದು, ಅಜ್ಜಿ ದೇವರಮನೆಯ ಬಾಗಿಲಿಗೇ ಒಂದು ಕುರ್ಚಿ ಹಾಕಿಸಿ ಅವರನ್ನು ಕೂರಿಸುವುದು, ಇಬ್ಬರೂ ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದೆ ಮಾತಾಡುವುದು ಮಾಮೂಲಾಯಿತು. ಅಮ್ಮ ಅವರಿಬ್ಬರಿಗೆ ಕಾಫಿ ಮಾಡಿ, ಲೋಟವನ್ನು ಸ್ಟೂಲಿನ ಮೇಲಿಟ್ಟು ಹೋಗುತ್ತಿದ್ದಳು.

ಒಂದು ವಸಂತದಲ್ಲಿ ಎಸ್ತರ್ ಆಂಟಿ ಜೆರೂಸಲೇಮಿಗೆ ಹೋದರು. ಅವರ ಅಕ್ಕ ಅಲ್ಲಿದ್ದರು, ಹಾಸಿಗೆ ಹಿಡಿದಿದ್ದರು. ಮರಳಿ ಬಂದವರು ಶುಕ್ರವಾರ ಬರಲಿಲ್ಲ. ಅಮ್ಮ ಡ್ಯೂಟಿ ಇಲ್ಲದ ಮಧ್ಯಾಹ್ನ ನನ್ನನ್ನೂ ಕರೆದುಕೊಂಡು ಆಚೆ ಹೋದಳು. ಅಡುಗೆಮನೆಯ ಮೇಜಿನಲ್ಲಿ ಇಬ್ಬರೂ ಕೂತರು, ನಾನು ಕಿಟಕಿ ಕಟ್ಟೆಯ ಮೇಲೆ. ಅವರಾಡಿದ್ದು ಇಂಗ್ಲಿಷ್, ನನ್ನ ನೆನಪಿನಲ್ಲಿ ಉಳಿದಿರುವುದು ಕನ್ನಡದಲ್ಲಿ. ಅಲ್ಲೊಂದು ಗುಡ್ಡವಿದೆ ಎಂದು ಆಂಟಿ ಹೇಳಿದರು. ಅದರ ಮೇಲೆ ಹಿಂದೊಮ್ಮೆ ಯಹೂದಿಗಳ ದೇಗುಲವಿತ್ತು. ಅದು ನೆಲಸಮವಾದ ಶತಮಾನಗಳ ನಂತರ ಅಲ್ಲಿ ಮಸೀದಿ ಎದ್ದು, ಅದೂ ಸಾವಿರ ವರ್ಷ ದಾಟಿತು. ಇಬ್ಬರಿಗೂ ಅದು ಪುಣ್ಯಭೂಮಿ, ಇಬ್ಬರ ರಕ್ತವೂ ಅಲ್ಲಿ ಹರಿದಿದೆ. ಆಂಟಿಯ ತಂದೆ ಒಂದು ಕಾಲದಲ್ಲಿ ಅಲ್ಲಿಗೆ ಹೋದಾಗ ಊರು ಎರಡು ಭಾಗವಾಗಿತ್ತು. ಯಹೂದಿಗಳಿಗೆ ಗುಡ್ಡದ ಬುಡದ ಗೋಡೆಯ ತನಕವೂ ಬಿಡುತ್ತಿರಲಿಲ್ಲ, ಗಡಿಯ ಈಚೆಯ ದಿಬ್ಬದಿಂದ ನೋಡಿ ಅತ್ತು ಬಂದಿದ್ದರಂತೆ. ಈಗ ಗೋಡೆಯ ಬಳಿ ಪ್ರಾರ್ಥಿಸಬಹುದು. ಗುಡ್ಡದ ಮೇಲೆ ಹೋಗಿ ನೋಡಲೂಬಹುದು, ಆದರೆ ಅಲ್ಲಿ ಪ್ರಾರ್ಥನೆ ಮುಸ್ಲಿಮರಿಗೆ ಮಾತ್ರ. ನಮ್ಮ ಧರ್ಮಗುರುಗಳಲ್ಲೇ ಅನೇಕರು ಹತ್ತಲೇಬಾರದು ಅನ್ನುತ್ತಾರೆ, ನಾನೂ ಹತ್ತಬಾರದಿತ್ತೇನೋ ಎಂದರು. ಆದರೂ ಅಪ್ಪನ ಹೆಸರಿನಲ್ಲಿ ಹತ್ತಿದ್ದರು. ಜೊತೆಗೆ ಪೊಲೀಸ್ ಇದ್ದ. ಸುಮ್ಮನೆ ನಡೆಯಬೇಕು, ಬಗ್ಗಬಾರದು, ಕಣ್ಣು ಮುಚ್ಚಬಾರದು, ತುಟಿ ಅಲ್ಲಾಡಿಸಬಾರದು ಎಂದು ಮೊದಲೇ ಹೇಳಿದ್ದನಂತೆ.

“ನನ್ನ ತುಟಿ ಅಲುಗಿತು, ಮಾದೇವಿ. ನಾನು ಅಲುಗಿಸಲಿಲ್ಲ. ಅಪ್ಪನ ಹೆಸರು ಬಂತು, ಅಷ್ಟೇ. ಅವನು ನನ್ನ ತೋಳು ಹಿಡಿದು ಗೇಟಿನ ತನಕ ನಡೆಸಿಕೊಂಡು ಹೋದ. ಮೊಮ್ಮಗನ ವಯಸ್ಸಿನವನು. ನಮ್ಮವನೇ.”

ಇನ್ನೊಂದನ್ನೂ ಹೇಳಿದರು. ಗೇಟಿನ ಹೊರಗೆ ಪೊಲೀಸರು ಒಬ್ಬ ಪ್ಯಾಲೆಸ್ಟೀನಿ ಹುಡುಗನನ್ನು ತಡೆದು ನಿಲ್ಲಿಸಿದ್ದರಂತೆ. ಏನೋ ಗಲಾಟೆಯ ಭಯ, ಆ ವಾರ ಇಂಥ ವಯಸ್ಸಿನೊಳಗಿನ ಗಂಡಸರನ್ನು ನಮಾಜಿಗೆ ಬಿಡುವಂತಿಲ್ಲ. ಅವನು ಅಲ್ಲೇ ರಸ್ತೆಯ ಮೇಲೆ ಚಾಪೆ ಹಾಸಿದ. ನನ್ನನ್ನು ಹೊರಗೆ ತಂದ ಪೊಲೀಸನೇ ಹೋಗಿ ಅವನನ್ನೂ ಎಬ್ಬಿಸಿದ ಎಂದು ಎಸ್ತರ್ ಆಂಟಿ ಹೇಳಿದರು. ಅವರ ಟೀ ಆರಿಹೋಗಿತ್ತು. ಆ ಹುಡುಗ ತನ್ನತ್ತ ದ್ವೇಷದಿಂದ ನೋಡಿದನೆಂದೂ, ಅವನ ಜಾಗದಲ್ಲಿ ತಾನಿದ್ದರೆ ತಾನೂ ಹಾಗೇ ನೋಡುತ್ತಿದ್ದೆನೆಂದೂ, ಅಷ್ಟಾದರೂ ಆ ನೋಟ ತನ್ನನ್ನು ಬಿಡುತ್ತಿಲ್ಲವೆಂದೂ ಹೇಳಿದರು.

ಆಗ ಅಮ್ಮ ಮಾತಾಡಿದಳು. ನಾನಿದ್ದೇನೆಂಬುದು ಅವಳಿಗೆ ಮರೆತಿತ್ತೋ, ನಾನೂ ಕೇಳಲಿ ಎಂದಿದ್ದಳೋ ಗೊತ್ತಿಲ್ಲ. ಚಾಮರಾಜನಗರದ ಕಡೆಯ ತನ್ನ ಊರಿನಲ್ಲಿ ತನ್ನ ಅಜ್ಜಿ ಗುಡಿಯ ಹೊರಗೆ, ರಸ್ತೆಯಾಚೆ ಹುಣಸೆಮರದ ಬುಡದಲ್ಲಿ ನಿಂತು ಕೈಮುಗಿಯುತ್ತಿದ್ದದ್ದು. ಪೂಜಾರಿ ತೀರ್ಥವನ್ನು ಕೈ ಸೋಕದಂತೆ ಎತ್ತರದಿಂದ ಸುರಿಯುತ್ತಿದ್ದದ್ದು. ಅದರಲ್ಲಿ ಅರ್ಧ ನೆಲಕ್ಕೆ ಬೀಳುತ್ತಿದ್ದದ್ದು. ತಾನು ಶಾಲೆಗೆ ಹೋಗುವ ಹುಡುಗಿಯಾಗಿ ಒಮ್ಮೆ ಗುಡಿಯ ಕಟ್ಟೆ ಹತ್ತಿದ್ದಕ್ಕೆ ಇಡೀ ಕೇರಿ ಹೋಗಿ ಕ್ಷಮೆ ಕೇಳಿದ್ದು. ಎಸ್ತರ್ ಆಂಟಿ ಆರಿದ ಟೀಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಗೊತ್ತಿಲ್ಲದ ವಿಷಯ ಕೇಳುವವರಂತೆ, ನೇರವಾಗಿ ಕೇಳಿದರು:

“ನಿನ್ನ ಅತ್ತೆ ಆಸ್ಪತ್ರೆಯ ಮೈಲಿಗೆ ಅನ್ನುತ್ತಾರೆ. ಅದೇ ವಾರ್ಡಿನಲ್ಲಿ ನಾನು ಇಡೀ ಆಯುಷ್ಯ ಕಳೆದವಳು. ನನ್ನನ್ನು ಬಾಗಿಲಲ್ಲೇ ಕೂರಿಸುತ್ತಾರಲ್ಲ?”

ಅಮ್ಮ ನನ್ನತ್ತ ನೋಡಿದಳು. ಕಿಟಕಿ ಕಟ್ಟೆಯ ಮೇಲೆ ಕೂತಲ್ಲೇ ನನಗೆ ಎಲ್ಲ ಒಟ್ಟಿಗೆ ಅರ್ಥವಾಯಿತು: ಸ್ಟೂಲು, ನೀರು ಚಿಮುಕಿಸುವುದು, ಗೋಡೆಗೆ ಬೆನ್ನೊತ್ತಿದ ಆ ನಡಿಗೆ. ಅದು ರಕ್ತದ ಮೈಲಿಗೆಯಲ್ಲ. ಹಾಗಾದರೆ ನಾನು ಯಾರು, ನಾನು ಹೇಗೆ ದಿನಾ ಒಳಗೆ ಹೋಗಿ ಗಂಟೆ ಬಾರಿಸುತ್ತೇನೆ ಎಂಬ ಪ್ರಶ್ನೆ ಆಮೇಲೆ ಬಂತು. ಅದಕ್ಕೆ ಅಜ್ಜಿಯ ಬಳಿ ಉತ್ತರವಿತ್ತು, ಬೀಜ ಯಾರದೋ ಕುಲ ಅವರದು ಎಂದು. ಆ ಉತ್ತರವನ್ನು ಕೇಳಿದ ದಿನದಿಂದ ನಾನು ಗಂಟೆ ಬಾರಿಸುವುದನ್ನು ನಿಲ್ಲಿಸಿದೆ. ಶಾಲೆಗೆ ತಡವಾಗುತ್ತದೆ ಎಂದೆ. ಅಮ್ಮನೂ ನಾನೂ ಈ ವಿಷಯವನ್ನು ನಮ್ಮಿಬ್ಬರಲ್ಲಿ ಎಂದೂ ಮಾತಾಡಲಿಲ್ಲ.

ಆ ಚಳಿಗಾಲದಲ್ಲಿ ಗಾಜಾದಲ್ಲಿ ಯುದ್ಧ ಶುರುವಾಯಿತು. ಮುಂದಿನ ಕೋಣೆಯ ಟಿ.ವಿ. ಆರುತ್ತಲೇ ಇರಲಿಲ್ಲ. ಮುರಿದ ಮನೆಗಳು, ಬಿಳಿ ಬಟ್ಟೆಯಲ್ಲಿ ಸುತ್ತಿದ ಪುಟ್ಟ ಮಕ್ಕಳು. ಅಪ್ಪ ನಿಜವಾಗಿಯೂ ಅಳುತ್ತಿದ್ದರು, ಅದರಲ್ಲಿ ನಟನೆ ಇರಲಿಲ್ಲ. ಅಮ್ಮನೂ ಅಳುತ್ತಿದ್ದಳು. ಗೋಡೆಯಾಚೆ ಎಸ್ತರ್ ಆಂಟಿಯ ರೇಡಿಯೋ ಅದೇ ವಾರ್ತೆಯನ್ನು ಹೇಳುತ್ತಿತ್ತು, ಅವರು ಅದನ್ನು ಮೊದಲಿಗಿಂತ ಸಣ್ಣಗೆ ಇಡತೊಡಗಿದ್ದರು. ಆದರೆ ಅಪ್ಪನ ದುಃಖ ದಿನ ಕಳೆದಂತೆ ಬೇರೆ ಕಡೆ ತಿರುಗಿತು. ಮೊದಲು ಆ ಸರ್ಕಾರ ಅನ್ನುತ್ತಿದ್ದವರು ಆಮೇಲೆ ಆ ದೇಶ ಎಂದರು, ಆಮೇಲೆ ಆ ಜನ ಎಂದರು. ತಾವು ಮನೆಯಲ್ಲಿದ್ದ ಶುಕ್ರವಾರ ಆಂಟಿ ಬಂದರೆ ಮೇಲೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಒಂದು ಭಾನುವಾರ ಸ್ವೋರ್ಡ್ಸ್‌ನಿಂದ ರಘು ಅಂಕಲ್ ಊಟಕ್ಕೆ ಬಂದಿದ್ದರು, ಅಪ್ಪನ ಆಫೀಸಿನವರು, ಬೆಂಗಳೂರಿನವರು. ಅವರ ಅಭಿಪ್ರಾಯ ಅಪ್ಪನದ್ದಕ್ಕೆ ತದ್ವಿರುದ್ಧ. ಇಸ್ರೇಲಿನವರಿಂದ ನಾವು ಕಲಿಯಬೇಕು, ಮುಸ್ಲಿಮರನ್ನು ಹೇಗೆ ಇಡಬೇಕೋ ಹಾಗೆ ಇಟ್ಟಿದ್ದಾರೆ ಎನ್ನುವುದು ಅವರ ವಾದ. ಅನ್ನ ಸಾರು ಕಲಸುತ್ತಲೇ ಇಬ್ಬರಿಗೂ ಏರುದನಿಯ ಚರ್ಚೆ ನಡೆಯಿತು. ರಘು ಅಂಕಲ್ ತಮಾಷೆ ಮಾಡಿ ಅಪ್ಪನನ್ನು ಕೆಣಕಿದರು. ಅಪ್ಪ ಕೈಯ ತುತ್ತು ತಟ್ಟೆಗೆ ಬಿಟ್ಟು ಹೇಳಿದರು:

“ಆ ಜನಾನೇ ಹಾಗೆ ಕಣ್ರೀ. ಪೇಪರು, ಬ್ಯಾಂಕು, ಅಮೆರಿಕ, ಎಲ್ಲಾ ಅವರ ಕೈಲೇ ಇರೋದು. ಹಿಟ್ಲರ್ ಏನ್ ಸುಮ್ನೆ ಮಾಡಿದ್ನಾ?”

ಎಸ್ತರ್ ಆಂಟಿ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತಿದ್ದರು. ಅತಿಥಿಗಳಿದ್ದಾರೆಂದು ಆಪಲ್ ಕೇಕ್ ಮಾಡಿ ತಂದಿದ್ದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಆ ಒಂದು ಹೆಸರಿಗೆ ಯಾವ ಭಾಷೆಯೂ ಬೇಕಿರಲಿಲ್ಲ. ಮೇಜಿನ ಸುತ್ತ ಎಲ್ಲರೂ ಸುಮ್ಮನಾದದ್ದು ಉಳಿದದ್ದನ್ನು ಅವರಿಗೆ ತಿಳಿಸಿತು. ಅಷ್ಟರಲ್ಲಿ ರಘು ಅಂಕಲ್ ಎದ್ದು ನಿಂತು, ನಾವು ಭಾರತೀಯರು ನಿಮ್ಮ ಜನರನ್ನು ಬಹಳ ಮೆಚ್ಚುತ್ತೇವೆ, ಅಂಥವರ ಜೊತೆ ಹೇಗಿರಬೇಕೆಂದು ನಿಮಗೆ ಗೊತ್ತು ಎಂದು ಇಂಗ್ಲಿಷಿನಲ್ಲಿ ಅವರನ್ನು ಅಭಿನಂದಿಸಿದರು. ಎಂಥವರ ಜೊತೆ ಎಂದು ಆಂಟಿ ಕೇಳಿದರು. ರಘು ಅಂಕಲ್ ನಕ್ಕು ಮತ್ತೆ ತಟ್ಟೆಯ ಮುಂದೆ ಕೂತರು. ಆಂಟಿ ಕೇಕನ್ನು ಒಲೆಯ ಪಕ್ಕ ಇಟ್ಟರು. ಅಮ್ಮ ಅವರ ಹಿಂದೆಯೇ ಹಿತ್ತಲಿಗೆ ಓಡಿದಳು. ನಾನು ಗ್ರ್ಯಾಂಡ್ ಆಗಿದ್ದೇನೆ, ಚೆನ್ನಾಗೇ ಇದ್ದೇನೆ, ನೀನು ಊಟ ಮುಗಿಸು ಎಂದು ಆಂಟಿ ಹೇಳಿದರಂತೆ. ಆ ಊರಿನಲ್ಲಿ ಕಾಲು ಮುರಿದವರೂ ಗ್ರ್ಯಾಂಡ್ ಎಂದೇ ಹೇಳುತ್ತಾರೆ. ಕೇಕನ್ನು ಯಾರೂ ಮುಟ್ಟಲಿಲ್ಲ. ಅದರಲ್ಲಿ ಮೊಟ್ಟೆ ಹಾಕಿದ್ದಾರೆ ಎಂದು ಅಜ್ಜಿ ಕಾರಣ ಕೊಟ್ಟರು.

ಕೆಲವು ದಿನಗಳ ನಂತರ, ಶಾಲೆಗೆ ಹೊರಟ ಬೆಳಿಗ್ಗೆ, ಎಸ್ತರ್ ಆಂಟಿಯ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಬರೆದದ್ದನ್ನು ನಾನು ನೋಡಿದೆ. ಮಕ್ಕಳನ್ನು ಕೊಲ್ಲುವವಳು ಎಂದು ಬರೆದಿತ್ತು. ಚೌಕಟ್ಟಿನ ತವರದ ಕೊಳವೆಯನ್ನು ಕಿತ್ತೆಸೆದಿದ್ದರು, ಅದರ ಮೊಳೆಗಳ ತೂತು ಮಾತ್ರ ಉಳಿದಿತ್ತು. ಆ ಬೀದಿಯಲ್ಲೇ ಹುಟ್ಟಿ ಬೆಳೆದ ಮುಕ್ಕಾಲು ಪಾಲು ಜನರನ್ನು ತಾಯಿಯ ಹೊಟ್ಟೆಯಿಂದ ಮೊದಲು ಎತ್ತಿಕೊಂಡ ಕೈ ಅವರದು. ಬರೆದವನನ್ನೂ ಅವರೇ ಎತ್ತಿಕೊಂಡಿದ್ದರೋ ಏನೋ. ಡ್ಯೂಟಿಯಿಂದ ಬಂದ ಅಮ್ಮ ಕೋಟನ್ನೂ ಬಿಚ್ಚದೆ ಬಕೆಟ್ಟು, ಬ್ರಶ್ಶು ಹಿಡಿದು ಅಲ್ಲಿಗೆ ಹೋದಳು. ಎದುರುಮನೆಯ ಹೆಂಗಸೊಬ್ಬಳು ಟರ್ಪೆಂಟೈನ್ ತಂದುಕೊಟ್ಟಳು. ಉಳಿದವರು ಕಿಟಕಿಯ ಪರದೆ ಸರಿಪಡಿಸಿಕೊಂಡರು. ತವರದ ಕೊಳವೆ ಬೇಲಿಯಲ್ಲಿ ಅಮ್ಮನಿಗೆ ಸಿಕ್ಕಿತು. ಎಸ್ತರ್ ಆಂಟಿ ಅದನ್ನು ಸೆರಗಿನಲ್ಲಿ ಹಿಡಿದವರಂತೆ ಸ್ವೆಟರಿನ ಅಂಚಿನಲ್ಲಿ ಹಿಡಿದುಕೊಂಡು ಒಳಗೆ ಹೋದರು. ಮತ್ತೆ ಅದನ್ನು ಮುಂಬಾಗಿಲಿಗೆ ಹೊಡೆಯಲಿಲ್ಲ. ಒಳಗೆ, ಯಾರಿಗೂ ಕಾಣದ ಅಡುಗೆಮನೆಯ ಬಾಗಿಲಿಗೆ ಹೊಡೆದುಕೊಂಡರು.

ಸಂಜೆ ಅಪ್ಪ ಬಂದು ಬಸ್ ಸ್ಟಾಪಿನಲ್ಲೇ ಸುದ್ದಿ ಕೇಳಿದ್ದನ್ನು ಹೇಳಿದರು. ಅಮ್ಮ ಬೀದಿಯಲ್ಲಿ ನಿಂತು ಉಜ್ಜಿದ್ದು ಅವರಿಗೆ ಸರಿಬರಲಿಲ್ಲ. ನಾವು ಕೆಲಸದ ಪರ್ಮಿಟ್ ಮೇಲಿರುವವರು, ಇಲ್ಲಿನವರ ಸಿಟ್ಟಿಗೆ ಅಡ್ಡ ಬರಬಾರದು ಎಂದರು. ಆಮೇಲೆ, ಬಣ್ಣ ಬಳಿದದ್ದು ತಪ್ಪೇ, ಆದರೆ ಬರೆದದ್ದರಲ್ಲಿ ಏನು ಸುಳ್ಳಿದೆ, ಅವರ ದೇಶ ಮಾಡುತ್ತಿರುವುದೇ ಅದು ಎಂದರು. ಅಮ್ಮ ಬೆರಳಿನ ಕೆಂಪನ್ನು ನಿಂಬೆಹಣ್ಣಿನ ಹೋಳಿನಿಂದ ಉಜ್ಜುತ್ತಾ ಕೂತಿದ್ದಳು.

“ಅವರ ದೇಶ ಇದೇ. ಡಬ್ಲಿನ್‌ನಲ್ಲಿ ಹುಟ್ಟಿದ್ದು ಅವರು. ನೀವು ಕೆ.ಆರ್. ಮೊಹಲ್ಲಾದಲ್ಲಿ.”

“ಮಾತು ತಿರುಗಿಸ್ಬೇಡ. ನಾನು ಅನ್ಯಾಯದ ವಿರುದ್ಧ ಮಾತಾಡ್ತಿದೀನಿ.”

“ಮಾತಾಡಿ. ಯಾರು ಬೇಡ ಅಂದ್ರು? ಸತ್ತಿರೋ ಮಕ್ಕಳಿಗೆ ನಾನೂ ಅಳ್ತೀನಿ. ಈ ಮುದುಕಿ ಯಾರನ್ನ ಕೊಂದಿದಾರೆ ಹೇಳಿ.”

ಅಪ್ಪ, ನಿನಗೆ ರಾಜಕೀಯ ಅರ್ಥವಾಗುವುದಿಲ್ಲ ಎಂದರು. ಅಮ್ಮ ಆಗ ಮೆಟ್ಟಿಲ ಕೆಳಗಿನ ಗೂಡಿನ ಕಡೆ ತಲೆಯಾಡಿಸಿ, ಇದೂ ಅರ್ಥವಾಗಲ್ಲ ಅಲ್ವಾ ನನಗೆ ಎಂದು ಕೇಳಿದಳು. ನನ್ನ ನೆನಪಿನಲ್ಲಿ ಆ ಮನೆಯಲ್ಲಿ ಆ ಮಾತು ಗಟ್ಟಿಯಾಗಿ ಬಂದದ್ದು ಅದೊಂದೇ ಸಲ. ಅಜ್ಜಿ ಒಳಗಿನಿಂದ, ನನ್ನನ್ನು ಯಾಕೆ ಎಳೀತೀರಿ, ನಾನು ಊರಿಗೆ ಹೋಗಿಬಿಡ್ತೀನಿ ಎಂದು ಅಳತೊಡಗಿದರು. ಅಪ್ಪ ಅವರನ್ನು ಸಮಾಧಾನ ಮಾಡಲು ಹೋದರು. ಅಲ್ಲಿಗೆ ಜಗಳ ಮುಗಿಯಿತು. ನಮ್ಮ ಮನೆಯ ಜಗಳಗಳೆಲ್ಲ ಹಾಗೇ ಮುಗಿಯುತ್ತಿದ್ದವು.

ಎಸ್ತರ್ ಆಂಟಿ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದರು. ಅಜ್ಜಿ ಕೆಲವು ಶುಕ್ರವಾರ ಕುರ್ಚಿ ಹಾಕಿಸಿ ಕಾದರು, ಆಮೇಲೆ ಅವರವರ ಕರ್ಮ ಎಂದು ಕುರ್ಚಿಯನ್ನು ಮೇಲೆ ಕಳಿಸಿದರು. ಅಮ್ಮ ಹಿತ್ತಲಿನಿಂದ ಹೋಗಿ ಸಾರು, ಇಡ್ಲಿ ಕೊಟ್ಟು ಬರುತ್ತಿದ್ದಳು. ಚಳಿ ಇನ್ನೂ ಬಿಟ್ಟಿರಲಿಲ್ಲ, ಆಂಟಿಗೆ ನ್ಯುಮೋನಿಯಾ ಆಯಿತು. ತಾವು ದುಡಿದ ಆಸ್ಪತ್ರೆಯಲ್ಲೇ ಮಲಗಿದರು. ಅಮ್ಮ ಬ್ರೇಕಿನಲ್ಲಿ ಮಹಡಿ ಹತ್ತಿ ಹೋಗಿ ಅವರ ಪಕ್ಕ ಕೂರುತ್ತಿದ್ದಳು. ಒಂದು ಮಧ್ಯಾಹ್ನ ಅವರ ತುಟಿ ಅಲುಗುತ್ತಿತ್ತಂತೆ, ಏನೂ ಕೇಳಿಸುತ್ತಿರಲಿಲ್ಲವಂತೆ. ಇಲ್ಲಿ ಯಾರೂ ತಡೆಯಲ್ಲ, ಹೇಳಿ ಎಂದು ಅಮ್ಮ ಕಿವಿಯಲ್ಲಿ ಹೇಳಿದಳಂತೆ. ಸಂಜೆಯೊಳಗೆ ಹೋಗಿಬಿಟ್ಟರು.

ಅವರಲ್ಲಿ ಹೆಣವನ್ನು ಕಾಯಿಸುವುದಿಲ್ಲ. ಮಾರನೆಯ ದಿನವೇ ಡಬ್ಲಿನ್‌ನಲ್ಲಿ ಮಣ್ಣು ಎಂದು ಅವರ ತಂಗಿಯ ಮಗಳು ಫೋನ್ ಮಾಡಿದರು. ಅಪ್ಪ ಹೋಗಬೇಡ ಎಂದರು, ಯಾರಾದರೂ ಫೋಟೋ ತೆಗೆದು ಹಾಕಿದರೆ ಆಫೀಸಿನಲ್ಲಿ ತಾನೇನು ಹೇಳಲಿ ಎಂದರು. ಕಾರಿನ ಕೀಲಿ ಕೊಡಲಿಲ್ಲ. ಅಮ್ಮ ನನ್ನನ್ನು ಶಾಲೆಗೆ ಕಳಿಸದೆ ಬಸ್ಸಿನಲ್ಲಿ ಕರೆದುಕೊಂಡು ಹೋದಳು. ಸ್ಮಶಾನದ ಗೋಡೆ ಎತ್ತರವಿತ್ತು, ಗೇಟಿನಲ್ಲಿ ಒಬ್ಬ ಪೊಲೀಸ್ ನಿಂತಿದ್ದ. ಒಳಗೆ ಸ್ವಲ್ಪವೇ ಜನ, ಹೆಚ್ಚಿನವರು ಮುದುಕರು. ಹಲಗೆಯ ಸಾದಾ ಪೆಟ್ಟಿಗೆ, ಹೂವಿಲ್ಲ. ಗುಂಡಿಗೆ ಇಳಿಸಿದ ಮೇಲೆ ಒಬ್ಬೊಬ್ಬರಾಗಿ ಸಲಿಕೆ ತೆಗೆದುಕೊಂಡು ಮಣ್ಣು ಹಾಕಿದರು. ಸಲಿಕೆಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಮಣ್ಣಿಗೆ ಊರಿ ಬಿಡುತ್ತಾರೆ, ಮುಂದಿನವರು ಕಿತ್ತುಕೊಳ್ಳಬೇಕು. ಅಮ್ಮ ಹಿಂದೆ, ಗೋಡೆಯ ಹತ್ತಿರ, ಎರಡೂ ಕೈಯಲ್ಲಿ ಕೋಟು ಒತ್ತಿ ಹಿಡಿದು ನಿಂತಿದ್ದಳು. ಸುಮಾರು ಹೊತ್ತಾದ ಮೇಲೆ ತಂಗಿಯ ಮಗಳ ಬಳಿ ಹೋಗಿ, ನಾವು ಬೇರೆಯವರು, ನಾನು ಹಾಕಬಹುದಾ ಎಂದು ಕೇಳಿದಳು. ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

“ಯಾರು ಬೇಕಾದರೂ ಹಾಕಬಹುದು. ಇದು ನಿಮ್ಮ ಗೆಳತಿಯ ಮಣ್ಣು.”

ಅಮ್ಮ ಸಲಿಕೆ ಕಿತ್ತುಕೊಂಡಳು. ಹೊಲದಲ್ಲಿ ಬೆಳೆದವಳು, ಅವಳ ಮೈಗೆ ಆ ಕೆಲಸ ಗೊತ್ತಿತ್ತು. ಒಂದು ಸಲ ಹಾಕಿ ಬರುತ್ತಾಳೆಂದುಕೊಂಡೆ. ಅವಳು ನಿಲ್ಲಿಸಲಿಲ್ಲ. ಪೆಟ್ಟಿಗೆ ಮುಚ್ಚಿ ಹೋದ ಮೇಲೂ ಹಾಕುತ್ತಲೇ ಇದ್ದಳು, ಕೂದಲು ಬಿಚ್ಚಿಕೊಂಡಿತು, ಬೂಟಿನ ತುಂಬ ಕೆಸರಾಯಿತು. ಯಾರೂ ತಡೆಯಲಿಲ್ಲ. ಮುದುಕನೊಬ್ಬ ಪ್ರಾರ್ಥನೆಯನ್ನು ಸ್ವಲ್ಪ ನಿಧಾನಿಸಿದ. ಹೊರಗೆ ಬರುವಾಗ ಗೇಟಿನ ಹತ್ತಿರ ಒಂದು ನಲ್ಲಿಯಿತ್ತು, ಎಲ್ಲರೂ ಕೈತೊಳೆದುಕೊಳ್ಳುತ್ತಿದ್ದರು. ಅಮ್ಮನೂ ನಾನೂ ತೊಳೆದುಕೊಂಡೆವು.

ಮನೆ ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ಅಜ್ಜಿ ಬಾಗಿಲಲ್ಲೇ ತಡೆದು, ಹಿತ್ತಲಿನಿಂದ ಬಂದು ಸ್ನಾನ ಮಾಡಿ ಒಳಗೆ ಬನ್ನಿ ಎಂದರು. ಅಪ್ಪ ಅವರ ಹಿಂದೆ ನಿಂತು, ನಮ್ಮಮ್ಮನ ಮಾತು ಕೇಳು, ಒಂದು ಸ್ನಾನ ತಾನೆ ಎಂದು ಅಮ್ಮನಿಗೆ ಹೇಳಿದರು.

“ಅಲ್ಲೇ ಕೈ ತೊಳ್ಕೊಂಡು ಬಂದಿದೀನಿ.”

ಅಷ್ಟು ಹೇಳಿ ಅಮ್ಮ ಅಜ್ಜಿಯನ್ನು ಬಳಸಿಕೊಂಡು ನಡುಮನೆಯ ನಡುವಿನಲ್ಲೇ ನಡೆದಳು, ಕೆಸರಿನ ಹೆಜ್ಜೆ ಮೂಡಿತು. ಅಡುಗೆಮನೆಗೆ ಹೋಗಿ ಎರಡು ತಟ್ಟೆ ಹಾಕಿದಳು, ಒಂದು ಅವಳಿಗೆ, ಒಂದು ನನಗೆ. ಆದಿಯ ಊಟ ಆಗಲೇ ಆಗಿತ್ತು. ಅಜ್ಜಿ ಮುಖ ತಿರುಗಿಸಿಕೊಂಡು ಮೇಲೆ ಹೋದರು. ಅಪ್ಪ ಮುಂದಿನ ಕೋಣೆಗೆ ಹೋಗಿ ಟಿ.ವಿ. ಹಾಕಿದರು. ನಾವು ಉಣ್ಣುತ್ತಿದ್ದಂತೆ ಅವರ ದನಿ ಬಂತು, ಅಳು ಬೆರೆತ ದನಿ: ಇಲ್ಲಿ ಬಂದು ನೋಡಿ, ಈ ಮಗೂನ ನೋಡಿ, ಮನುಷ್ಯರಾ ಇವರು. ಬಾಗಿಲಿನ ಸಂದಿಯಿಂದ ನನಗೆ ಕಾಣುತ್ತಿತ್ತು. ಮಗು ನಿಜವಾಗಿಯೂ ಸತ್ತಿತ್ತು. ಅದನ್ನೆತ್ತಿಕೊಂಡ ತಂದೆಗೆ ಅಪ್ಪನಷ್ಟೇ ವಯಸ್ಸಾಗಿತ್ತು. ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಏಳಬೇಕೋ ಬೇಡವೋ ತಿಳಿಯದೆ ಅಮ್ಮನನ್ನು ನೋಡಿದೆ. ಅಮ್ಮ ಅತ್ತ ತಿರುಗಲಿಲ್ಲ. ಇನ್ನೊಂದು ಸೌಟು ಸಾರು ಹಾಕಲಾ ಎಂದು ನನ್ನನ್ನು ಕೇಳಿದಳು.